ಬಸುರಿಯ ಪಾಲಿನ ಮೀನು

ಗಣಿ ಪರವಾನಗಿಗೆ ಸಹಿ ಹಾಕುವ ಮಾನ್ಯ ಅಧಿಕಾರಿಗಳೇ,

ನಮ್ಮ ತಪಜೋಸ್ ಹೊಳೆಯ ಮೇಲ್ಭಾಗದ ಕಾಡಿನಲ್ಲಿ ಇನ್ನೊಂದು ಚಿನ್ನದ ಗಣಿಗೆ ನೀವು ಅನುಮತಿ ಕೊಡಲಿದ್ದೀರಿ ಎಂದು ತಿಳಿದಾಗಿನಿಂದ ನನಗೆ ಹೆದರಿಕೆಯಾಗುತ್ತಿದೆ. ಹೆದರಿಕೆ ಎಂದು ಬರೆದರೆ ನಿಮ್ಮ ಕಚೇರಿ ಅದನ್ನು 'ಸ್ಥಳೀಯರ ಆಕ್ಷೇಪಣೆ' ಎಂದು ತಿದ್ದಿಕೊಳ್ಳುತ್ತದೆ. ದಯವಿಟ್ಟು ತಿದ್ದಬೇಡಿ. ನನ್ನ ತಂಗಿ ಅದಿಲ್ಮಾ ಬಸುರಿ. ಅವಳು ಊಟಕ್ಕೆ ಕೂತರೆ ನಾನು ತಟ್ಟೆಯೊಳಗೆ ಇಣುಕುತ್ತೇನೆ.

ನಾವು ಮುಂಡುರುಕು ಜನ, ಈ ಹೊಳೆದಂಡೆಯ ಮೂಲನಿವಾಸಿಗಳು. ನಮ್ಮೂರಿನಲ್ಲಿ ಯಾರ ಬಲೆಗೆ ದೊಡ್ಡ ಮೀನು ಬಿದ್ದರೂ ಅದು ಮೊದಲು ಬಸುರಿಯ ಮನೆಗೆ ಹೋಗುತ್ತದೆ. ಯಾರೂ ಕೇಳಬೇಕಿಲ್ಲ, ಕೊಡದಿದ್ದರೆ ಹಿಡಿದವನಿಗೇ ನಾಚಿಕೆ. ಈಗ ಯಂತ್ರದ ದೋಣಿಗಳು ಹೊಳೆಯ ತಳ ಬಗೆಯುತ್ತಿವೆ, ಚಿನ್ನ ಹಿಡಿಯಲು ಬಳಸಿದ ಪಾದರಸ ನೀರಿಗೆ ಸೇರುತ್ತಿದೆ. ಅದು ಸಣ್ಣ ಮೀನಿನ ಮೈಗಿಳಿದು, ಸಣ್ಣದನ್ನು ನುಂಗಿ ಬೆಳೆದ ದೊಡ್ಡ ಮೀನಿನಲ್ಲಿ ಮತ್ತಷ್ಟು ಕೂಡಿಕೊಳ್ಳುತ್ತದೆ. ಹೀಗೆ ಊರಿನ ಅತಿ ವಿಷದ ತುತ್ತು, ಊರಿನ ಅತಿ ಪ್ರೀತಿಯ ಕೈಗಳಿಂದ, ನೇರ ಬಸುರಿಯ ತಟ್ಟೆಗೇ ಬೀಳುತ್ತಿದೆ. ಇಷ್ಟು ಅಚ್ಚುಕಟ್ಟಾದ ವಿತರಣಾ ವ್ಯವಸ್ಥೆ ನಿಮ್ಮ ಯಾವ ಇಲಾಖೆಯಲ್ಲಾದರೂ ಇದೆಯೇ?

ಅದಿಲ್ಮಾಳ ಮೊದಲ ಮಗ ಕೌವಾನಿಗೆ ನಾಲ್ಕು ವರ್ಷ ತುಂಬಿದರೂ ಇನ್ನೂ ಲೋಟ ಹಿಡಿಯಲು ಬರುವುದಿಲ್ಲ, ಕೈ ನಡುಗುತ್ತದೆ. ನಮ್ಮ ಕೂದಲು ಪರೀಕ್ಷಿಸಿದ ವೈದ್ಯರು ಅವನ ಮೈಯಲ್ಲಿ ಪಾದರಸ ಹೆಚ್ಚಿದೆ ಎಂದರು. ನಡುಕಕ್ಕೆ ಅದೇ ಕಾರಣವೆಂದು ಖಚಿತವಾಗಿ ಹೇಳಲಾಗದು ಎಂದೂ ಅಂದರು. ನೀವು ಈ ಎರಡನೆಯ ಮಾತನ್ನು ಮಾತ್ರ ಬಹಳ ಚೆನ್ನಾಗಿ ಕೇಳಿಸಿಕೊಂಡಿದ್ದೀರಿ!

ಹೋದ ವಾರ ನಮ್ಮ ಸೋದರಮಾವ ಒನೊರಾತೊ ತೋಳುದ್ದದ ತುಕುನಾರೆ ಮೀನು ಹೊತ್ತು ತಂದ. ನಾನು ಬಾಗಿಲಿಗೆ ಅಡ್ಡ ನಿಂತೆ.

"ಬೇಡ ಮಾವ, ಇದು ದೊಡ್ಡ ಮೀನು."

"ದೊಡ್ಡದು ಅಂತಾನೇ ತಂದಿದ್ದು ಕಣೇ! ಚಿಕ್ಕದು ತಂದಿದ್ರೆ ನಿಮ್ಮಮ್ಮ ನನ್ನ ಹೊಳೆಗೆ ತಳ್ತಿದ್ಲು."

"ವಿಷ ಇದೆ ಮಾವ."

ಅವನ ನಗು ನಿಂತಿತು. "ನೀನು ಹೊಟ್ಟೇಲಿದ್ದಾಗ ನಿಮ್ಮಮ್ಮಂಗೆ ತಂದ್ಕೊಟ್ಟಿದ್ದೂ ನಾನೇ. ಆಗಿಲ್ದ ವಿಷ ಈಗ ನನ್ನ ಕೈಗೆ ಬಂತಾ?"

ಮೀನನ್ನು ಮೆಟ್ಟಿಲ ಮೇಲಿಟ್ಟು ಹೊರಟುಹೋದ. ಆಮೇಲೆ ನಮ್ಮ ಮನೆಯತ್ತ ತಲೆ ಹಾಕಿಲ್ಲ. ಒಳಗಿನಿಂದ ಅದಿಲ್ಮಾ, "ಅಕ್ಕಾ, ತುಂಬಾ ಹಸಿವು ಕಣೇ, ಬೇಯಿಸಿಬಿಡು" ಎಂದಳು. ನಾನು ಅದನ್ನು ಹಿತ್ತಲಲ್ಲಿ ಹೂತೆ. ಅಮ್ಮ ನನ್ನನ್ನು ಬೈಯುತ್ತ ಕೂತು ಅತ್ತಳು. ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಮಾಡಿದವರು ನೀವು, ಬೈಗುಳ ಮಾತ್ರ ನನಗೆ.

ದೊಡ್ಡ ಮೀನು ತಿನ್ನಬೇಡಿ ಎಂದು ನಿಮ್ಮವರು ಬುದ್ಧಿ ಹೇಳಿ ಹೋಗಿದ್ದಾರೆ. ಮತ್ತೇನು ತಿನ್ನಬೇಕು? ಕದಡಿದ ಹೊಳೆಯಲ್ಲಿ ಸಣ್ಣ ಮೀನು ಹೊಟ್ಟೆ ತುಂಬುವಷ್ಟು ಸಿಗುವುದಿಲ್ಲ. ಯಂತ್ರದ ಸದ್ದಿಗೆ ಕಾಡುಹಂದಿಗಳು ಓಡಿಹೋದವು. ಮರಗಳಿದ್ದ ಜಾಗದಲ್ಲಿ ಕೆಸರುಗುಂಡಿಗಳಿವೆ, ಅವುಗಳಲ್ಲಿ ಬೆಳೆಯುವುದು ಸೊಳ್ಳೆ, ಮಲೇರಿಯಾ. ಮರಗೆಣಸಿನ ಹಿಟ್ಟೊಂದನ್ನೇ ತಿಂದು ಬಸುರಿ ಎಷ್ಟು ದಿನ ಇರಬಲ್ಲಳು? 'ಗಣಿ ನಿಮ್ಮೂರಿನಿಂದ ದೂರವಿದೆ' ಎಂದು ಬೇರೆ ನಮಗೆ ಬರೆಯುತ್ತೀರಿ. ನಮಗೂ ಗೊತ್ತು ಸ್ವಾಮಿ, ಹೊಳೆಗೆ ಗೊತ್ತಿಲ್ಲ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ.

ನಿನ್ನೆ ಅದಿಲ್ಮಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿದಳು: "ಅಕ್ಕಾ, ಎದೆಹಾಲಲ್ಲೂ ಬರುತ್ತಾ ಅದು?"

ಸ್ವಲ್ಪ ಬರುತ್ತದೆ ಎಂದು, ವೈದ್ಯರ ಜೊತೆ ಬಂದಿದ್ದ ದಾದಿ ನನಗೆ ಮೊದಲೇ ಹೇಳಿದ್ದಳು. ನಾನು ಒಲೆ ಊದಲು ಹೋದೆ.

ಆದ್ದರಿಂದ ಹೊಸ ಗಣಿಯ ಅರ್ಜಿ ತಿರಸ್ಕರಿಸಿ. ಈಗಿರುವ ಯಂತ್ರಗಳನ್ನು ನಮ್ಮ ಹೊಳೆಯಿಂದ ತೆಗೆಸಿ. ಇಲ್ಲ, ಸಹಿ ಹಾಕಿಯೇ ತೀರುತ್ತೇನೆ ಎನ್ನುವುದಾದರೆ, ಅದಕ್ಕೂ ಮುಂಚೆ ಒಮ್ಮೆ ಇಲ್ಲಿಗೆ ಬಂದು ನನ್ನ ತಂಗಿಯ ಪ್ರಶ್ನೆಗೆ ನೀವೇ ಉತ್ತರ ಹೇಳಿ. ನನ್ನಿಂದ ಆಗುತ್ತಿಲ್ಲ.

ಇಂತಿ,
ತಂಗಿಯ ತುತ್ತು ಕಸಿಯುವ ಕೆಲಸಕ್ಕೆ ನಿಮ್ಮಿಂದ ನೇಮಕಗೊಂಡವಳು,
ಜುಸಾರಾ ಕಬಾ