ಕಡೆಗೋಲಿನ ಪೆನ್ನಿಗೆ ಯಾವ ಕಿಟ್?

ಅತ್ತೆ,

ಬರೆಯಲು ಕೂತರೆ ಮೊದಲು ನೆನಪಾಗುವುದು ನಿಮ್ಮ ಬೈಗುಳ. "ಹಾಗೆ ಹಿಡೀಬೇಡ್ವೇ, ಅದು ಪೆನ್ನು, ಬೆಂಡೆಕಾಯಿ ಅಲ್ಲ." ನೀವು ಮಾಡಿಕೊಟ್ಟ ಬೀಟೆ ಮರದ ಪೆನ್ನಿನಲ್ಲೇ ಈ ಕಾಗದ ಬರೆಯುತ್ತಿದ್ದೇನೆ. ಹಿಡಿಯುವ ರೀತಿ ಮಾತ್ರ ಇನ್ನೂ ಸುಧಾರಿಸಿಲ್ಲ, ಅದನ್ನು ನೀವು ಕ್ಷಮಿಸಬೇಕು. ನೀವು ಹೋಗಿ ಎಂಟು ತಿಂಗಳಾಯಿತು. ನಿಮಗೆ ಹೇಳಲೇಬೇಕಾದ ಒಂದು ಸುದ್ದಿ ಇದೆ. ಗಂಟಲವರೆಗೂ ಬಂದಿದೆ, ಆದರೂ ನೀವು ಕಲಿಸಿದಂತೆ ಅವಸರ ಮಾಡದೆ ಮೊದಲಿನಿಂದ ಹೇಳುತ್ತೇನೆ.

ನೀವು ವಿಮಾ ಕಚೇರಿಯಿಂದ ನಿವೃತ್ತರಾದ ಮರುವಾರವೇ ಚೆನ್ನೈ ಪುರಸೈವಾಕ್ಕಂನ ನಮ್ಮ ಎರಡನೇ ಮಹಡಿಗೆ ಮರ ಕಡೆಯುವ ಆ ಲೇತ್ ಬಂದ ದಿನ ನೆನಪಿದೆಯೇ? ಮಾವ ಅದನ್ನು ಹೊಸ ಗ್ರೈಂಡರ್ ಅಂದುಕೊಂಡು, ಸಂಜೆಗೆ ಇಡ್ಲಿ ಹಿಟ್ಟು ರುಬ್ಬುತ್ತೀಯಾ ಎಂದು ಕೇಳಿದ್ದರು. ನೀವು ಅದನ್ನು ಬಾಲ್ಕನಿಯಲ್ಲಿ ತುಳಸಿ ಕುಂಡದ ಪಕ್ಕಕ್ಕೆ ಇಡಿಸಿ, ಕಚ್ಚೆ ಬಿಗಿದು, ಕನ್ನಡಕದ ಮೇಲೊಂದು ಕನ್ನಡಕ ಹಾಕಿ ನಿಂತಿರಿ. ಅರ್ಧ ಗಂಟೆಗೆ ಕೆಳಗಿನ ಮನೆಯ ಮಾಮಿ ಮೇಲೆ ಬಂದರು. "ಎನ್ನ ಮಾಮಿ ಇದು? ಎನ್ ವಡಾಂ ಮೇಲೆಲ್ಲಾಂ ಮರತ್ತೂಳ್!" ಒಣಗಲು ಹಾಕಿದ ಸಂಡಿಗೆಯ ಮೇಲೆಲ್ಲ ಮರದ ಪುಡಿ. ನೀವು ನಗುತ್ತಾ, ಅದು ಬೇವಿನ ಮರ, ಹೊಟ್ಟೆಗೆ ಒಳ್ಳೆಯದು ಅಂದುಬಿಟ್ಟಿರಿ. ಮರುದಿನ ಬಾಲ್ಕನಿಗೆ ಹಳೆಯ ಸೀರೆಯ ಪರದೆ ಬಂತು, ಮರುವಾರ ಮಾಮಿಯ ಕೈಗೆ ಬೇವಿನ ಪೆನ್ನು ಬಂತು. ಅರವತ್ತು ದಾಟಿದ ಮೇಲೆ ಹೊಸದಾಗಿ ಕೈ ಕೊಯ್ದುಕೊಳ್ಳಲು ಹೊರಟ ನಿಮ್ಮನ್ನು ನೋಡಿ ನಾನು ಒಳಗೊಳಗೇ ನಕ್ಕಿದ್ದೆ. ಆ ನಗು ಎಷ್ಟು ದಿನ ಉಳಿಯಿತು ಹೇಳಿ?

ನನ್ನ ಮೊದಲ ಪೆನ್ನಿನ ಕಥೆ ನೆನೆದರೆ ಈಗಲೂ ನಾಚಿಕೆ. ಕಿಟ್‌ಗಳ ಡಬ್ಬಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಹೊಳೆಯುವುದನ್ನು ಆರಿಸಿದೆ. ಮರ ಮಾತ್ರ ನಮ್ಮದು, ಉಳಿದದ್ದೆಲ್ಲ ಕಿಟ್‌ನದು: ಒಳಗಿನ ಹಿತ್ತಾಳೆ ಕೊಳವೆ, ತುದಿ, ಪೆನ್ನಿನ ದಪ್ಪ ಗೊತ್ತುಮಾಡುವ ಉಂಗುರ, ಕ್ಲಿಪ್ಪು, ರೀಫಿಲ್ಲು. ಮರಕ್ಕೆ ತೂತು ಕೊರೆಯುವುದು ಆ ಕೊಳವೆಯ ಅಳತೆಗೆ. ಇದನ್ನು ನೀವು ಹೇಳಿದ್ದಿರಿ, ನಾನು ತಲೆ ಆಡಿಸಿದ್ದೆ. ಆಮೇಲೆ ಸಣ್ಣ ಕಿಟ್‌ಗೆ ದೊಡ್ಡ ತೂತು ಕೊರೆದು, ಕೊಳವೆ ಆ ಕಡೆಯಿಂದ ಈ ಕಡೆಗೆ ಸಲೀಸಾಗಿ ಜಾರಿ ನೆಲಕ್ಕೆ ಬಿತ್ತು. "ಹಿಂಗ್ಯಾಕಾತು?" ಎಂದು ನಾನು ತವರೂರು ಧಾರವಾಡದ ಮುಖ ಮಾಡಿಕೊಂಡು ನಿಂತರೆ ನೀವು, "ಪರವಾಇಲ್ಲ, ಊದುಬತ್ತಿ ಸ್ಟಾಂಡ್ ಆಯ್ತು. ಇನ್ನೊಂದು ಮರ ಎಡುತ್ತುಕೋ" ಅಂದಿರಿ. ಆ ಸ್ಟಾಂಡ್ ಇನ್ನೂ ದೇವರ ಮುಂದಿದೆ.

ನುಂಗಂಬಾಕ್ಕಂನ ಬ್ಯಾಂಕಿನ ಆ ದೊಡ್ಡ ಅಧಿಕಾರಿ ಬಂದಿದ್ದರಲ್ಲ, ಸಣ್ಣದಾಗಿ, ಚಿನ್ನದ ಬಣ್ಣದ್ದೇ ಬೇಕು ಎಂದು? ನೀವು ಎದುರಿಗೆ ಹಾಳೆ ಇಟ್ಟು, ನಿಮ್ಮ ಮನೆ ವಿಳಾಸ ಮೂರು ಸಲ ಬರೆಯಿರಿ ಅಂದಿರಿ. ಎಲ್ಲರಿಗೂ ಅದೇ ಪರೀಕ್ಷೆ. ಮೊದಲನೆಯದು ತೋರಿಕೆಗೆ ಬರೆಯುತ್ತಾರೆ, ಎರಡನೆಯದು ಬೇಜಾರಿಗೆ, ಮೂರನೆಯದರಲ್ಲಿ ನಿಜವಾದ ಕೈ ಹೊರಗೆ ಬರುತ್ತದೆ ಎನ್ನುತ್ತಿದ್ದಿರಿ. ಅವರು ಬರೆಯುವಾಗ ನೀವು ಅಕ್ಷರ ನೋಡಲಿಲ್ಲ, ಹೆಬ್ಬೆರಳು ಎಷ್ಟು ಒತ್ತುತ್ತದೆ ಎಂದು ನೋಡಿದಿರಿ. ಕೊನೆಗೆ ಕೊಟ್ಟದ್ದು ದಪ್ಪನೆಯ ಕ್ರೋಮ್ ಕಿಟ್‌ನ ಪೆನ್ನು. ಚಿನ್ನದ ಲೇಪ ಚೆನ್ನೈ ಬೆವರಿಗೆ ಬೇಗ ಹೋಗುತ್ತದೆ ಎಂದು ಸೌಕಾರ್‌ಪೇಟೆಯಲ್ಲಿ ಆಭರಣದ ಪಾಲಿಶ್ ಮಾಡುವವರನ್ನೇ ಕೇಳಿ ತಿಳಿದುಕೊಂಡವರು ನೀವು! ಅಧಿಕಾರಿ ಮುಖ ಊದಿಸಿಕೊಂಡು ಹೋದರು. ತಿಂಗಳೊಳಗೆ ಹೆಂಡತಿಯನ್ನು ಕರೆದುಕೊಂಡು ಬಂದು, ಇವಳ ಕೈಯನ್ನೂ ನೋಡಿ ಎಂದರು. ನಿಮಗೆ ಆ ದಿನ ಎಷ್ಟು ಜಂಭ! ಇರಲಿ, ಆ ಜಂಭಕ್ಕೆ ನೀವು ಅರ್ಹರೇ ಆಗಿದ್ದಿರಿ.

ಕಡೆಗೋಲು ಮುರಿದ ಬೆಳಿಗ್ಗೆ ನೀವು ಅಳುತ್ತೀರಿ ಅಂದುಕೊಂಡಿದ್ದೆ. ನಿಮ್ಮ ಅಮ್ಮ ಕೊಟ್ಟದ್ದು, ಅಷ್ಟು ವರ್ಷ ಬೆಣ್ಣೆ ಕಡೆದದ್ದು. ನೀವು ಅಳಲಿಲ್ಲ. ಮುರಿದ ತುಂಡನ್ನು ಬೆಳಕಿಗೆ ಹಿಡಿದು ತಿರುಗಿಸಿ, "ಒಂದೇ ಪೆನ್ನಿಗೆ ಆಗತ್ತೆ. ಇದು ನಿನ್ನ ಮಾವನಿಗೆ" ಅಂದಿರಿ. ಎರಡು ಕಿಟ್ ತರಿಸಿದಿರಿ. ಒಂದು ಸಣ್ಣದು, ಮಾವ ಮೊದಲಿನಿಂದಲೂ ಇಷ್ಟಪಡುವಂಥದ್ದು. ಇನ್ನೊಂದು ದಪ್ಪನೆಯದು, ತೂಕದ್ದು, ಒತ್ತದೆಯೇ ಶಾಯಿ ಇಳಿಯುವ ರೀಫಿಲ್‌ನದು. ಯಾವುದು ಎಂದು ಕೇಳಿದರೆ, ಕೊಂಚಂ ಪೊರು, ತಡಿ, ಅಂದಿರಿ. ಅದಾದ ಮೇಲೆ ಮಾರ್ಗಳಿ, ನಮ್ಮ ಧನುರ್ಮಾಸ, ಬಂತು, ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡಿತು ಎಂದು ಆಟೋ ಹತ್ತಿದವರು...

ಮಾವನ ವಿಷಯಕ್ಕೆ ಬರುತ್ತೇನೆ. ನನ್ನ ಮದುವೆಯಾದ ವರ್ಷ ನನ್ನ ಹುಟ್ಟುಹಬ್ಬಕ್ಕೆ ಅಂಚೆಯಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬಂದಿತ್ತು. ಯಾರದೆಂದು ನೋಡಿದರೆ, ಹಾಲ್‌ನಲ್ಲಿ ಪೇಪರ್ ಓದುತ್ತಾ ಕೂತಿದ್ದ ಮಾವನದೇ! ಒಂದೇ ಮನೆಯಲ್ಲಿದ್ದರೂ ಬರೆದು, ಅಂಟಿಸಿ, ಮೂಲೆಯ ಅಂಚೆ ಡಬ್ಬಿಗೆ ಹಾಕಿ ಬರುವುದು ಅವರ ಪದ್ಧತಿ. ನಿಮಗಂತೂ ಒಂದು ವರ್ಷವೂ ತಪ್ಪಿದ್ದಿಲ್ಲ, ಹೆಸರಿನ ಹಿಂದೆ "ಸೌ." ಎಂದು ಬರೆಯುವುದೂ ತಪ್ಪಿದ್ದಿಲ್ಲ. ಕೈ ನಡುಗಲು ಶುರುವಾದ ಮೇಲೆ ಅದು ನಿಂತಿತು. ಫೋನ್ ಇದೆಯಲ್ಲ, ಯಾಕೆ ಬರೆಯಬೇಕು ಎನ್ನುತ್ತಿದ್ದರು. ಈ ಸಲವೂ ನನಗೆ ಕಾಗದ ಬರಲಿಲ್ಲ. ಅಂಚೆಯಣ್ಣ ನಮ್ಮ ಮನೆ ದಾಟಿ ಹೋದದ್ದನ್ನು ಬಾಲ್ಕನಿಯಿಂದ ನೋಡಿದೆ, ಅತ್ತೆ. ಅವತ್ತೇ ನಿಮ್ಮ ಡ್ರಾಯರ್ ತೆಗೆದೆ. ಮಾವ ಮತ್ತೆ ಬರೆಯಬೇಕು, ಅಷ್ಟೇ.

ಡ್ರಾಯರ್‌ನಲ್ಲಿ ಕಡೆಗೋಲಿನ ತುಂಡು, ಎರಡು ಕಿಟ್, ದಪ್ಪ ಅಳೆಯುವ ನಿಮ್ಮ ಕ್ಯಾಲಿಪರ್. ಅಳತೆ ಹಿಡಿದ ಮೇಲೆ ತಿರುಪು ಬಿಗಿದು ಇಡುವುದು ನಿಮ್ಮ ರೂಢಿ, ಹಾಗೆಯೇ ಇತ್ತು. ಅದರ ಬಾಯಲ್ಲಿ ಹಳದಿ ಮಿಶ್ರಿತ ಬಿಳಿ ಪುಡಿ ಅಂಟಿತ್ತು, ಮರಕ್ಕೆ ತುಂಬುವ ಪುಟ್ಟಿ ಇರಬೇಕು ಅಂದುಕೊಂಡೆ. ನಿಮ್ಮ ಮಗನನ್ನು ಕೇಳಿದರೆ, ಅಪ್ಪನಿಗೆ ಸಣ್ಣದೇ ಇಷ್ಟ ಅಂದರು. ಮೊಮ್ಮಗಳು, "ಟಾಸ್ ಪೋಡುಮ್ಮಾ" ಅಂದಳು. ಮಾವನ ಎದುರಿಗೆ ಹಾಳೆ ಇಟ್ಟು ನಿಮ್ಮ ಪರೀಕ್ಷೆಯನ್ನೇ ಮಾಡೋಣವೆಂದರೆ ಅವರು ಹಾಳೆಯನ್ನು ಮಡಿಸಿ ಕನ್ನಡಕದ ಕೆಳಗೆ ಇಟ್ಟು ಎದ್ದುಹೋದರು. ಒಂದೇ ತುಂಡು, ಒಂದೇ ತೂತು. ತಪ್ಪು ಕೊರೆದರೆ ಈ ಸಲ ಊದುಬತ್ತಿ ಸ್ಟಾಂಡ್ ಆಗುವುದು ನಿಮ್ಮ ಅಮ್ಮನ ಕಡೆಗೋಲು. ನನಗೆ ಅಳುವೇ ಬಂತು.

ಮರುದಿನ ಬೆಳಿಗ್ಗೆ ಮಾವ ಸ್ನಾನ ಮಾಡಿ ಗೋಪೀಚಂದನ ತೇಯ್ದುಕೊಂಡು ಮುದ್ರೆ ಹಚ್ಚಿಕೊಳ್ಳುತ್ತಿದ್ದರು. ಕಾಫಿ ಲೋಟ ಹಿಡಿದರೆ ಚೆಲ್ಲುವ ಕೈ ಅದು. ಆದರೆ ಹಿತ್ತಾಳೆ ಮುದ್ರೆಯ ದಪ್ಪ ಹಿಡಿಯನ್ನು ಮೂರು ಬೆರಳಲ್ಲಿ ಹಿಡಿದು ತೋಳಿಗೆ ಒತ್ತಿದಾಗ ಶಂಖ ಚಕ್ರ ಎರಡೂ ಒಂದು ಗೆರೆ ಅಲುಗದೆ ಮೂಡಿದವು! ಇಷ್ಟು ವರ್ಷ ದಿನಾ ಕಣ್ಣೆದುರಿಗೆ ನಡೆಯುತ್ತಿದ್ದದ್ದು ನನಗೇಕೆ ಕಾಣಲಿಲ್ಲ? ಕ್ಯಾಲಿಪರ್ ತಂದು, ಒಂದು ನಿಮಿಷ ಆ ಮುದ್ರೆ ಕೊಡಿ ಮಾವ, ಅಂದೆ.

"ಸ್ನಾನ ಆಯ್ತಾ?"

"ಆಗೇದರಿ."

ಕೊಟ್ಟರು. ಅವಸರಕ್ಕೆ ತಿರುಪು ಸಡಿಲಿಸದೆಯೇ ಹಿಡಿಗೆ ಕ್ಯಾಲಿಪರ್ ತಾಗಿಸಿದೆ. ಅಳತೆ ಮಾಡಿಯೇ ಇಟ್ಟಂತೆ ಕೂತಿತು. ಮಾವ ನನ್ನನ್ನೇ ನೋಡುತ್ತಿದ್ದರು. "ಏನಿದು, ಈ ಮನೆ ಹೆಂಗಸರಿಗೆಲ್ಲ ನನ್ನ ಮುದ್ರೆ ಅಳೆಯೋ ಪೈತ್ಯ ಹಿಡಿದಿದೆಯಾ? ಅವಳೂ ಹೀಗೇ ಮಾಡಿದಳು."

ಆ ಪುಡಿ ಪುಟ್ಟಿಯಲ್ಲ, ಗೋಪೀಚಂದನ. ಒಳಗೆ ಓಡಿ ದಪ್ಪ ಕಿಟ್‌ನ ಉಂಗುರವನ್ನು ಕ್ಯಾಲಿಪರ್‌ಗೆ ಇಟ್ಟು ನೋಡಿದೆ. ಅದೂ ಕೂತಿತು. ದೊಡ್ಡದೇನನ್ನೋ ಕಂಡುಹಿಡಿದೆ ಅಂದುಕೊಂಡಿದ್ದ ಸೊಸೆಗಿಂತ ನೀವು ಎಂಟು ತಿಂಗಳು ಮುಂದಿದ್ದಿರಿ. ನಿಮ್ಮಂಥವರ ಹತ್ತಿರ ಕಲಿತೆನಲ್ಲ ಎಂದು ಡ್ರಾಯರ್ ಹಿಡಿದುಕೊಂಡು ಅಲ್ಲೇ ಕೂತುಬಿಟ್ಟೆ. ನಿಜವಾಗಿ ಹೇಳುತ್ತೇನೆ, ನಿಮ್ಮಷ್ಟು ಜಾಣರನ್ನು ನಾನು ನೋಡಿಲ್ಲ.

ಕಡೆಯುವ ಕೆಲಸ ಸುಲಭವಾಗಿರಲಿಲ್ಲ. ಕಡೆಗೋಲು ಅಷ್ಟು ವರ್ಷ ಕುಡಿದ ಬೆಣ್ಣೆಯ ಜಿಡ್ಡಿಗೆ ಅಂಟು ಹಿಡಿಯಲಿಲ್ಲ, ಕೊಳವೆ ಎರಡು ಸಲ ಕಳಚಿ ಬಂತು. ಮಗಳ ಉಗುರುಬಣ್ಣ ತೆಗೆಯುವ ಸೀಸೆ ಖಾಲಿ ಮಾಡಿ ತೂತಿನ ಒಳಗೆಲ್ಲ ಒರೆಸಿದ ಮೇಲೆ ಅಂಟಿತು. ಲೇತ್ ತಿರುಗಿದಾಗ ಬಾಲ್ಕನಿಯೆಲ್ಲ ತುಪ್ಪದ ವಾಸನೆ. ಕೆಳಗಿನಿಂದ ಮಾಮಿ, ಏನು ಅಡುಗೆ ಎಂದು ಕೂಗಿ ಕೇಳಿದರು. ಪೆನ್ನು ಕೈಗಿಟ್ಟಾಗ ಮಾವ ಬರೆಯಲಿಲ್ಲ, ಮೂಸಿ ನೋಡಿದರು. ಆಮೇಲೆ, "ಭಾರ ಜಾಸ್ತಿ" ಎಂದು ಜೇಬಿಗೆ ಹಾಕಿಕೊಂಡರು. ಅಷ್ಟೇ. ನಾನು ಸೋತೆ ಅಂದುಕೊಂಡೆ.

ನಾಲ್ಕು ದಿನ ಬಿಟ್ಟು ಹಳೆ ಪೇಪರ್ ಕಟ್ಟುವಾಗ ಒಂದರ ಅಂಚಿನಲ್ಲಿ ನಮ್ಮದೇ ವಿಳಾಸ ಕಂಡಿತು, ಮೂರು ಸಲ. ಮೊದಲನೆಯದು ಓದಲು ಬರುವಂತಿರಲಿಲ್ಲ. ಎರಡನೆಯದರಲ್ಲಿ ಪುರಸೈವಾಕ್ಕಂ ಗೆರೆ ಬಿಟ್ಟು ಕೆಳಗೆ ಜಾರಿತ್ತು. ಮೂರನೆಯದು ಮಾವನ ಕೈಯೇ.

ನಿನ್ನೆ ನಿಮ್ಮ ಹುಟ್ಟುಹಬ್ಬ. ಅಂಚೆಗೆ ಹೊಸಬರು ಬಂದಿದ್ದಾರೆ, ಬಾಗಿಲಲ್ಲಿ ನಿಂತು ಒಂದು ಇನ್‌ಲ್ಯಾಂಡ್ ಹಿಡಿದು, ನಿಮ್ಮ ಮನೆ ಇದೇನಾ ಎಂದು ಕೇಳಿದರು: "ಇಂದಿರಾ ಬಾಯಿ ಅಮ್ಮಾ ವೀಡು ಇದುದಾನೇ?" ಹಾಲ್‌ನಲ್ಲಿ ಮಾವ ಪೇಪರ್ ಎತ್ತಿ ಮುಖಕ್ಕೆ ಅಡ್ಡ ಹಿಡಿದರು. ನಾನು, "ಆಮಾ, ಇದುದಾನ್" ಅಂದು ತೆಗೆದುಕೊಂಡೆ.

ಹೆಸರಿನ ಹಿಂದೆ "ಸೌ." ಇದೆ, ಅತ್ತೆ. ಮೂರು ಅಂಚಿಗೂ ಗೋಂದು ಹಚ್ಚಿ ಅಂಟಿಸಿದ್ದಾರೆ. ನಾನು ಒಡೆದಿಲ್ಲ, ಯಾರನ್ನೂ ಒಡೆಯಲು ಬಿಡುವುದಿಲ್ಲ. ನಿಮ್ಮ ಡ್ರಾಯರ್‌ನಲ್ಲಿ, ಕ್ಯಾಲಿಪರ್‌ನ ಕೆಳಗೆ ಇಟ್ಟಿದ್ದೇನೆ.

ನಿಮ್ಮ ಸೊಸೆ,
ಶೈಲಾ