ಎರಡು ಪರದೆಯ ಕೆಂಪು

ಪ್ರೀತಿಯ ಅಕ್ಕ,

ಹೊಸ ಲ್ಯಾಪ್‌ಟಾಪ್ ತೆಗೆದುಕೊಂಡೆಯಾ ಎಂದು ಕೇಳಿದ್ದೀಯಲ್ಲ, ಇನ್ನೂ ಇಲ್ಲ. ನಿನ್ನೆ ಅಂಗಡಿಗೇನೋ ಹೋಗಿದ್ದೆ. ಪುಸ್ತಕಗಳ ಮುಖಪುಟ ಮಾಡುವವಳು ಎಂದಾಗ ಅಂಗಡಿಯವರು ಇದ್ದುದರಲ್ಲೇ ದುಬಾರಿಯಾದ ಎರಡನ್ನು ಅಕ್ಕಪಕ್ಕ ಇಟ್ಟು, ಎರಡರಲ್ಲೂ ಒಂದೇ ಗುಲಾಬಿಯ ಚಿತ್ರ ತೆರೆದರು.

"ನೀವೇ ನೋಡಿ ಮೇಡಂ, ಇದ್ರಲ್ಲಿ ಕೆಂಪು ಹೇಗೆ ಎದ್ದು ಕಾಣುತ್ತೆ!"

ನನಗೆ ಎರಡೂ ಹೂವುಗಳು ಬೂದಿ ಬಣ್ಣವಾಗಿ ಕಂಡವು. "ಹೌದು, ಚೆನ್ನಾಗಿದೆ" ಎಂದು ಹೇಳಿ ಎದ್ದು ಬಂದೆ.

ಕಣ್ಣಿನ ಡಾಕ್ಟರು ಮೊದಲೇ ಹೇಳಿದ್ದರು. ಮೊದಲು ಬಣ್ಣ ಹೋಗುತ್ತದಂತೆ, ಉಳಿದದ್ದು ನಿಧಾನವಾಗಿ. ಅಮ್ಮನಿಗೆ ಈಗಲೇ ಹೇಳಬೇಡ.

ಭಾನುವಾರ ನಿನ್ನ ಮಗಳನ್ನು ಕಳಿಸು. ಲ್ಯಾಪ್‌ಟಾಪ್ ಅವಳೇ ಆರಿಸಲಿ. ಒಪ್ಪಿಕೊಂಡ ಮುಖಪುಟ ಒಂದು ಬಾಕಿಯಿದೆ. ನಾನು ಪಕ್ಕದಲ್ಲಿ ಕುಳಿತು ಹೇಳುತ್ತೇನೆ, ಬಣ್ಣ ಅವಳು ತುಂಬಲಿ. ಆಮೇಲೆ ಆ ಲ್ಯಾಪ್‌ಟಾಪನ್ನು ಅವಳೇ ಇಟ್ಟುಕೊಳ್ಳಲಿ. ಬೇಡ ಅನ್ನಬೇಡ, ಅಕ್ಕ.

ನಿನ್ನ ಪುಟ್ಟಿ