ಡಬ್ಬಿಯಿಂದ ಹಾರಿದ ನೊಣ

ವಾರಿಜಾ ಮೇಡಂ,

ಉತ್ತರಹಳ್ಳಿಯ ನಾರಾಯಣಮ್ಮ ಎಂಬುವರು ತಮ್ಮ ಮರದ ಹುಳುಕು ಸೀಬೆಹಣ್ಣು ಕೊಟ್ಟುಹೋಗಿದ್ದರು. ಅದರ ಹುಳಗಳನ್ನು ಡಬ್ಬಿಯಲ್ಲಿ ಬೆಳೆಸಿದ್ದೆ. ಇವತ್ತು ನೊಣಗಳಾಗಿದ್ದವು. ನೀವು ನನಗೆ ಒಪ್ಪಿಸಿಹೋದ ಕೀಟಸಂಗ್ರಹದ ಯಾವ ಪೆಟ್ಟಿಗೆಯಲ್ಲೂ ಅಂಥ ರೆಕ್ಕೆಯ ಹಣ್ಣುನೊಣವಿಲ್ಲ. ಹೊರದೇಶದ್ದಿರಬಹುದು ಅನ್ನಿಸಿದ್ದೇ ಡಬ್ಬಿಯನ್ನು ಬೆಳಕಿಗೆ ಎತ್ತಿದೆ, ಮುಚ್ಚಳ ಜಾರಿತು. ಒಂದು ಹಾರಿಹೋಯಿತು. ಅದು ಹೆಣ್ಣು. ಹೊರಗೆ ಹೋಗಿ ಮೊಟ್ಟೆಯಿಟ್ಟರೆ ಮೊದಲು ಇಲ್ಲೇ ಜಯನಗರದ ಮರಗಳು, ಆಮೇಲೆ ಯಾರ್‍ಯಾರ ತೋಟಗಳೋ!

ಕಿಟಕಿಗಳನ್ನು ಮುಚ್ಚಿದೆ. ನೀವು ತೀರಿಕೊಂಡದ್ದೂ ನೆನಪಾಗದೆ ನಿಮ್ಮ ನಂಬರಿಗೇ ಫೋನ್ ಮಾಡಿಬಿಟ್ಟೆ. ನಿಮ್ಮ ಮಗಳು ಧೃತಿ ಎತ್ತಿದಳು. ತೊದಲುತ್ತಲೇ ಎಲ್ಲ ಹೇಳಿದೆ.

"ಆಂಟಿ, ಒಂದು ಕಿಟಕಿ ಬಿಟ್ಟು ಎಲ್ಲಾದಕ್ಕೂ ಪರದೆ ಎಳೀರಿ. ಬೆಳಕಿರೋ ಗಾಜಿಗೆ ಬರುತ್ತೆ. ಅಮ್ಮ ಮನೇಲಿ ಹಿಂಗೇ ಹಿಡೀತಿದ್ರು."

ಪರದೆಗಳನ್ನು ಎಳೆದು ಕತ್ತಲಲ್ಲಿ ನಿಂತೆ. ಕೊನೆಗೂ ಬಂತು. ಗಾಜಿನ ಮೇಲೆ ಕೂತಿದ್ದಂತೆಯೇ ಸೀಸೆ ಕವುಚಿದೆ.

"ಸಿಕ್ತು ಧೃತಿ," ಎಂದೆ.

ಅವಳು ಹೇಳಿದಳು: "ಆಸ್ಪತ್ರೇಲಿ ಅಮ್ಮ ದಿನಾ ನಿಮ್ಮನ್ನ ಕೇಳ್ತಿದ್ರು, ಆಂಟಿ."

ನಾನು ಒಮ್ಮೆಯೂ ನಿಮ್ಮನ್ನು ನೋಡಲು ಬಂದಿರಲಿಲ್ಲ.

ನಾಳೆ ನಾರಾಯಣಮ್ಮನ ಮರದಲ್ಲಿ ಈ ನೊಣ ಎಷ್ಟು ಹರಡಿದೆಯೋ ನೋಡಬೇಕು. ಮರದ ತುಂಬ ಹಣ್ಣಿದೆಯಂತೆ. ಒಬ್ಬಳೇ ಹೋಗಲು ಭಯವಾಗುತ್ತಿದೆ, ಮೇಡಂ.

ನಿಮ್ಮ
ಸೌಮ್ಯ